ಮೊದಲನೇ ಮನೆಯ ಉತ್ತರ

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದ ಮಾಯಾ, ವಿಜ್ಞಾನ ತಂತ್ರಜ್ಞಾನಗಳು ಸಮಾಜವನ್ನು ಹೇಗೆ ಬದಲಿಸುತ್ತವೆ ಎಂಬ ಪತ್ರಿಕೆಗಾಗಿ ಬಸಿರು ಪರೀಕ್ಷಿಸುವ ಸ್ಕ್ಯಾನಿಂಗ್ ಯಂತ್ರವನ್ನು ಆರಿಸಿಕೊಂಡಿದ್ದಳು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮೂವತ್ತು ಮನೆಗಳಲ್ಲಿ ವಿಚಾರಿಸಬೇಕಿತ್ತು. ಮೊದಲನೆಯದು ಅಕ್ಕ ಸುಂದರವ್ವನ ಮನೆ. ಪ್ರಶ್ನೆ ಕೇಳುವುದು ರೂಢಿಯಾಗಲಿ ಎಂದಷ್ಟೇ. ಅದು ೨೦೦೪ರ ಜನವರಿ.

ಅಕ್ಕ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅತ್ತೆ ಶಿವಲಿಂಗವ್ವ ಸಂತೆಗೆ ಹೋಗಿದ್ದಳು. ಎಂಟು ವರ್ಷದ ಮಗಳು ಶ್ರುತಿ ಶಾಲೆಯಲ್ಲಿದ್ದಳು.

"ಎಷ್ಟ ಸಲ ಬಸರಾಗಿದ್ರಿ?" ಮಾಯಾ ನಗುತ್ತಲೇ ಕೇಳಿದಳು.

"ಮೂರ ಸಲ."

"ಎರಡಲ್ಲೇನಕ್ಕಾ? ಶ್ರುತಿ, ಆಮ್ಯಾಲೆ ತಾನ ಬಿದ್ದದ್ದೊಂದು."

ಲಾಳಿ ನಿಂತಿತು. "ತಾನ ಬೀಳಲಿಲ್ಲವ್ವ. ತಗಿಸಿದ್ರು. ಮರುವರ್ಷ ಇನ್ನೊಂದು. ಎರಡೂ ಹೆಣ್ಣ ಇದ್ವಂತ."

ಮಾಯಾ ಬರೆಯಲಿಲ್ಲ. ಆರು ವರ್ಷದ ಹಿಂದೆ, ಅವಳು ಹುನಗುಂದದಲ್ಲಿ ಪಿಯುಸಿ ಓದುತ್ತಿದ್ದಾಗ, ಓದು ಬಲ್ಲವಳೊಬ್ಬಳು ಜೊತೆಗಿರಲಿ ಎಂದು ಬಾಗಲಕೋಟೆಯ ದವಾಖಾನೆಗೆ ಅಕ್ಕನ ಸಂಗಡ ಅವಳನ್ನೇ ಕಳಿಸಿದ್ದರು. ಡಾಕ್ಟರು ಪರದೆಯಲ್ಲಿ ಮಿಣುಕುವ ಗುಂಡಿಗೆಯನ್ನು ತೋರಿಸಿ, ಮಾಯಾಳ ಕಿವಿಯಲ್ಲಿ ಮಾತ್ರ "ಹೆಣ್ಣು" ಎಂದಿದ್ದರು. ಹಾಗೆ ಹೇಳಬಾರದೆಂಬ ಕಾಯ್ದೆ ಇರುವುದು ಅವಳಿಗೇನು ಗೊತ್ತು? ಹೊರಗೆ ಬೆಂಚಿನ ಮೇಲಿದ್ದ ಶಿವಲಿಂಗವ್ವನ ಹತ್ತಿರ ಓಡಿಹೋಗಿ, "ಶ್ರುತಿಗೆ ತಂಗಿ ಬರ್ತಾಳ್ರಿ!" ಎಂದು ಅವಳ ಕೈಹಿಡಿದು ಕುಣಿದಿದ್ದಳು. ಹದಿನೈದು ದಿನಕ್ಕೆ ಬಸಿರು ಇಳಿದ ಸುದ್ದಿ ಬಂದಿತ್ತು.

"ಅಕ್ಕಾ, ನಾನ ಹೇಳಿದ್ನಲ್ಲ..."

"ಸಣ್ಣಾಕಿದ್ದಿ. ನಿನಗೇನ ಗೊತ್ತಿತ್ತು." ಸುಂದರವ್ವ ದನಿ ತಗ್ಗಿಸಿ ಕೇಳಿದಳು: "ಆ ಟಿವಿ ಅತ್ತಾಗ ತಿರಿಗಿತ್ತು, ನನಗ ಕಾಣಲಿಲ್ಲ. ನೀ ನೋಡೀಯಲ್ಲ. ಹೆಂಗಿತ್ತ ಕೂಸು?"

ಇಷ್ಟು ವರ್ಷ ಇದನ್ನು ಕೇಳಲು ಅವಳಿಗೆ ಯಾರೂ ಇರಲಿಲ್ಲ.

"ಒಂದ ಕೈ ಗದ್ದದ ಕೆಳಗ ಇಟಗೊಂಡಿತ್ತು. ಒಮ್ಮಿ ಮಗ್ಗಲ ಬದಲಿಸ್ತು."

"ಮತ್ತ?"

ಮತ್ತೇನೂ ಮಾಯಾಳಿಗೆ ನೆನಪಿರಲಿಲ್ಲ. "ಮೂಗ ನಿನ್ನಂಗ ಇತ್ತು," ಎಂದು ಸುಳ್ಳು ಹೇಳಿದಳು.

ಸುಂದರವ್ವ ತಲೆಯಾಡಿಸಿದಳು. "ಬರಕೋ. ನನ್ನ ಹೆಸರ ಮಾತ್ರ ಬ್ಯಾಡ."

ಉಳಿದ ಇಪ್ಪತ್ತೊಂಬತ್ತು ಮನೆಗಳಿಗೂ ಮಾಯಾ ಹೋದಳು. ಯಂತ್ರದ ಬಗ್ಗೆ, ಕಾಯ್ದೆಯ ಬಗ್ಗೆ, ಅತ್ತೆಯರ ಬಗ್ಗೆ ಬರೆದಳು. ಸುದ್ದಿ ಹೊತ್ತು ಹೊರಗೆ ಓಡಿಬಂದ ಹುಡುಗಿಯ ಬಗ್ಗೆಯೂ ಒಂದು ಪುಟವಿತ್ತು. ಒಪ್ಪಿಸುವ ದಿನ ಆ ಪುಟವನ್ನಷ್ಟೇ ಹರಿದು ಹಾಕಿದಳು. ಪ್ರಾಧ್ಯಾಪಕರು ತರಗತಿಯಲ್ಲಿ ಎಲ್ಲರೆದುರು ಹೊಗಳಿದರು.

ಬೇಸಿಗೆಯಲ್ಲಿ ಅಕ್ಕ ಹಾಸ್ಟೆಲ್ಲಿಗೆ ಫೋನು ಮಾಡಿದಳು. "ಸೂಟಿ ಬಿಟ್ಟೈತಲ್ಲ, ಬಾರವ್ವ. ಶ್ರುತಿ ನಿನ್ನ ಹಾದಿ ನೋಡಾಕತ್ತಾಳ."

ಪರೀಕ್ಷೆ ಮುಗಿದು ವಾರವಾಗಿತ್ತು.

"ಇನ್ನೂ ಪರೀಕ್ಷಾ ಅದಾವಕ್ಕಾ," ಎಂದಳು ಮಾಯಾ.