ಮಂಗಳಗ್ರಹಕ್ಕೆ ಹೊರಟ ಅಡುಗೆಭಟ್ಟ

ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಪೂವಯ್ಯ ಕಂಪೌಂಡರ್ ಆಗಿದ್ದ. ಅವನು ಬಾಯಿ ತೆರೆದರೆ ಸಾಕು, ಜನ ನಗುತ್ತಿದ್ದರು. ಹತ್ತು ವರ್ಷ ಎಸ್ಟೇಟ್ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡಿ ಮಾಡಿ ಅದು ಅವನ ಮೈಗೇ ಅಂಟಿಬಿಟ್ಟಿತ್ತು. ಜ್ವರದಲ್ಲಿ ನಡುಗುತ್ತಾ ಬಂದವರು ಕೂಡ, "ಔಷಧಿ ಕಹಿ, ಮೂಗು ಹಿಡ್ಕೊಂಡು ಕುಡಿ" ಎಂದರೆ ಹಲ್ಲು ಕಿರಿಯುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಅವನ ಹೆಂಡತಿ ತಂಗಮ್ಮ ತೀರಿಕೊಂಡಳು. ಚಟ್ಟ ಹೊರುವಾಗ ಕೆಸರಿನಲ್ಲಿ ಪೂವಯ್ಯನ ಕಾಲು ಜಾರಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬೇಕೆಂದೇ ಜಾರಿದ ಎಂದುಕೊಂಡಿರಬೇಕು. ಆ ನಗು ಅವನ ಕಿವಿಯಿಂದ ಹೋಗಲೇ ಇಲ್ಲ.

ರಷ್ಯಾದವನೊಬ್ಬ ಆಕಾಶದಲ್ಲಿ ಭೂಮಿಗೆ ಸುತ್ತು ಹಾಕಿ ಬಂದ ಮರುವರ್ಷ, ಎಸ್ಟೇಟ್ ಶಾಲೆಯ ಟೀಚರ್ ಯಮುನ ಹೊಸ ನಾಟಕ ಬರೆದಳು. ಮಂಗಳಗ್ರಹಕ್ಕೆ ಹೊರಟ ರಾಕೆಟ್ ನಡುದಾರಿಯಲ್ಲಿ ಕೆಡುತ್ತದೆ. ಒಳಗೆ ನಾಲ್ವರು, ಉಳಿದಿರುವುದು ಆರು ಗಂಟೆಗೆ ಆಗುವಷ್ಟು ಗಾಳಿ.

"ಟೀಚರೇ, ಈ ಸಲ ಕ್ಯಾಪ್ಟನ್ ಪಾತ್ರ ನನಗೆ ಕೊಡಿ," ಎಂದು ಪೂವಯ್ಯ ಬೇಡಿಕೊಂಡ.

ಯಮುನ ಒಪ್ಪಿದಳು. ತಾಲೀಮಿನ ಮೊದಲ ದಿನ ಅವನು ಎದ್ದು ನಿಂತು, "ಮಿತ್ರರೇ, ನಮ್ಮಲ್ಲಿ ಇನ್ನು ಸ್ವಲ್ಪವೇ ಗಾಳಿ ಇದೆ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಡೆದುಕೊಳ್ಳಲಾಗದೆ ಯಮುನಳೂ ನಕ್ಕಳು. ಕ್ಯಾಪ್ಟನ್ ಪಾತ್ರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪನ ಪಾಲಾಯಿತು. ಪೂವಯ್ಯನಿಗೆ ಸಿಕ್ಕಿದ್ದು ರಾಕೆಟ್ಟಿನ ಅಡುಗೆಭಟ್ಟನ ಪಾತ್ರ.

ಕಾಫಿ ಹಣ್ಣಿನ ಪಿಕಿಂಗ್ ಮುಗಿದು ಗೋದಾಮು ಖಾಲಿಯಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನಾಟಕವಾಯಿತು. ಬಿದಿರು ಕಟ್ಟಿ, ತಗಡು ಬಡಿದು ರಾಕೆಟ್ ಮಾಡಿದ್ದರು. ಜನರಿಗೆ ಕಾಣಲೆಂದು ಒಂದು ಮಗ್ಗುಲು ಮಾತ್ರ ತೆರೆದಿತ್ತು. ಒಳಗೆ ಹೋದರೆ ನಾಟಕ ಮುಗಿಯುವ ತನಕ ಹೊರಬರುವಂತಿಲ್ಲ. ಹೊಟ್ಟೆಗೆ ದಿಂಬು ಕಟ್ಟಿಸಿಕೊಂಡು ಪೂವಯ್ಯ ಮೂಲೆಯಲ್ಲಿ ಮುದುರಿ ಕೂತ. ತಗಡಿನ ಕಾವಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ದೇರಪ್ಪ ಗಂಭೀರವಾಗಿ ಮಾತಾಡತೊಡಗಿದ. ಜನ ಆಕಳಿಸಿದರು, ಮಕ್ಕಳು ಅತ್ತವು. "ಭಟ್ಟ ಎಲ್ಲಿ? ಭಟ್ಟನನ್ನ ಬಿಡಿ!" ಎಂದು ಹಿಂದಿನಿಂದ ಕೂಗಿದರು.

ಪೂವಯ್ಯ ಎದ್ದ. ರಾಕೆಟ್ಟಿನಲ್ಲಿ ವಸ್ತುಗಳಿಗೆ ತೂಕವಿಲ್ಲವಲ್ಲ, ಹಾಗಾಗಿ ಮೇಲಿನ ತೊಲೆಯಲ್ಲಿ ಕೂತ ಕೂಸಪ್ಪ ಕಪ್ಪು ದಾರಕ್ಕೆ ಬೋಂಡವೊಂದನ್ನು ಕಟ್ಟಿ ಆಡಿಸುತ್ತಿದ್ದ. ಪೂವಯ್ಯ ಅದರ ಹಿಂದೆ ಓಡಿದ, ಹಾರಿದ, ದೇರಪ್ಪನ ಮೇಲೆ ಬಿದ್ದ. ಗೋದಾಮು ನಗುವಿನಿಂದ ಅದುರಿತು. ಕೊನೆಗೆ ಬೋಂಡ ಕೈಗೆ ಸಿಕ್ಕಿತು. ಅದನ್ನು ಒಂದೇ ತುತ್ತಿಗೆ ನುಂಗಬೇಕೆಂದು ಯಮುನ ಬರೆದಿದ್ದಳು.

ಪೂವಯ್ಯ ನುಂಗಲಿಲ್ಲ. ಮೂರು ಚೂರು ಮಾಡಿ ಮೂವರಿಗೂ ಕೊಟ್ಟ. "ನೀವು ತಿನ್ನಿ. ನನ್ನ ಹೊಟ್ಟೆ ತುಂಬಿದೆ," ಎಂದ. ಜನ ಇನ್ನೂ ನಗುತ್ತಲೇ ಇದ್ದರು. "ಉಸಿರನ್ನೂ ನಾನು ಸ್ವಲ್ಪ ಕಡಿಮೆ ಎಳ್ಕೊಳ್ತೇನೆ."

ನಗು ಅಲ್ಲಲ್ಲಿ ನಿಂತಿತು. ಮುಂದಿನ ಸಾಲಿನಲ್ಲಿದ್ದ ಮುದುಕಿ ಹೊನ್ನಮ್ಮ, "ಅಯ್ಯೋ, ಅವನಿಗೂ ಒಂದು ಚೂರು ಕೊಡ್ರೋ!" ಎಂದು ಜೋರಾಗಿಯೇ ಹೇಳಿದಳು. ಆಮೇಲೆ ದೇರಪ್ಪ ಗಾಳಿಯ ಮಾತೆತ್ತಿದಾಗ ಒಬ್ಬರೂ ಕೆಮ್ಮಲಿಲ್ಲ.

ನಾಟಕ ಮುಗಿದ ಮೇಲೆ ಯಮುನ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಪೂವಯ್ಯಣ್ಣ, ಆ ಮಾತು ನಾನು ಬರೆದದ್ದಲ್ಲ."

"ಹೊಟ್ಟೆ ತುಂಬಿದೆ ಅಂತ ತಂಗಮ್ಮ ಹೇಳ್ತಿದ್ದಳು ಟೀಚರೇ. ಕೊನೆಕೊನೆಗೆ ಗಂಜಿಯನ್ನೆಲ್ಲ ನನ್ನ ಕಡೆಗೇ ತಳ್ಳಿಬಿಡ್ತಿದ್ದಳು."

"ಮುಂದಿನ ವರ್ಷ ಕ್ಯಾಪ್ಟನ್ ನೀವೇ."

"ಬೇಡ. ನಾನು ಕುಣಿಯುವ ತನಕ ಕ್ಯಾಪ್ಟನ್ ಮಾತು ಯಾರು ಕೇಳಿದ್ರು?" ಎಂದ ಪೂವಯ್ಯ. ಹೇಳಿದ ಮೇಲೆ ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡಂತಿತ್ತು.

ಹೊರಗೆ ಕೂಲಿ ಲೈನಿನ ಜನ ಅವನನ್ನು ಮುತ್ತಿಕೊಂಡರು. ಯಾರೋ ಬೆನ್ನು ತಟ್ಟಿದರು, ಯಾರೋ ಅಂಗಿ ಎಳೆದರು. ಹೊನ್ನಮ್ಮ ಜನರ ನಡುವೆ ನುಗ್ಗಿ ಬಂದು ಅವನ ಕೈ ಹಿಡಿದಳು.

"ಈಗ ಮನೆಯಲ್ಲಿ ಯಾರಪ್ಪ ಬೇಯಿಸೋದು?"

ಇಷ್ಟು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ನಾನೇ ಅಜ್ಜಿ," ಎಂದ ಪೂವಯ್ಯ.

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೊನ್ನಮ್ಮ ನಗಲಿಲ್ಲ, ಹಿಡಿದ ಕೈಯನ್ನು ಬಿಡಲೂ ಇಲ್ಲ.