ಯುದ್ಧ ಇರುವಾಗ ಭೇಟಿ ಇಲ್ಲ

ದೊರೆಗೆ ರಾಜ್ಯವಿದ್ದದ್ದು ಕಂಪ್ಯೂಟರಿನೊಳಗೆ ಮಾತ್ರ. ಹೊರಗೆ ಅವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ನಾನು ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹಾಗಾಗಿ ಅವನು ನನ್ನನ್ನು ಕರೆಯುತ್ತಿದ್ದದ್ದು ಕನ್ನಡಕ ಎಂದೇ. ನನಗಿಂತ ಆರು ವರ್ಷ ದೊಡ್ಡವನು. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಆಟ ಆಡುತ್ತಿದ್ದೆವು, ಹತ್ತೊಂಬತ್ತು ವರ್ಷದಿಂದ ನಾನು ಸೋಲುತ್ತಿದ್ದೆ.

ಪ್ರಾಚೀನ ಸಾಮ್ರಾಜ್ಯಗಳ ಆಟ ಅದು. ಈಗಿನವರಿಗೆ ತೋರಿಸಿದರೆ ನಗುತ್ತಾರೆ. ಕಡಲೆಕಾಳಿನಷ್ಟು ಸೈನಿಕರು, ಚೌಕ ಚೌಕವಾದ ಹೊಲ, ನೀರೆಂದರೆ ಬರೀ ನೀಲಿ ಬಣ್ಣ. ನಗಲಿ ಬಿಡಿ. ಆ ಚೌಕಗಳಲ್ಲಿ ಕಣಜ ಕಟ್ಟಬೇಕು, ಕೋಟೆ ಎಬ್ಬಿಸಬೇಕು, ಪಕ್ಕದ ರಾಜ ಯಾವಾಗ ಮೈಮೇಲೆ ಬೀಳುತ್ತಾನೆಂದು ಲೆಕ್ಕ ಹಾಕಬೇಕು. ಒಂದು ಸರದಿ ನನ್ನದು, ಒಂದು ಅವನದು. ದಿನಕ್ಕೆ ಅಷ್ಟೇ. ಆಟ ಎಲ್ಲಿಗೆ ಬಂದು ನಿಂತಿದೆ ಎಂಬುದೆಲ್ಲ ಒಂದು ಫೈಲಿನಲ್ಲಿರುತ್ತದೆ. ಆ ಫೈಲು ಒಂದು ಪೆನ್ ಡ್ರೈವಿನಲ್ಲಿ ಅವನ ಮನೆಗೂ ನನ್ನ ಅಂಗಡಿಗೂ ಓಡಾಡುತ್ತಿತ್ತು. ಅದಕ್ಕೆ ನಕಲು ಇಟ್ಟುಕೊಳ್ಳುವಂತಿಲ್ಲ. ಇಟ್ಟ ಹೆಜ್ಜೆ ಇಟ್ಟ ಹಾಗೆ.

ಇನ್ನೊಂದು ಕಟ್ಟಳೆಯಿತ್ತು: ಯುದ್ಧ ಇರುವಾಗ ಭೇಟಿ ಇಲ್ಲ. ಇದನ್ನು ಮಾಡಿದವನು ನಾನೇ. ನನ್ನ ಮುಖ ನೋಡಿದರೆ ಸಾಕು, ಕುದುರೆಗಳನ್ನು ಯಾವ ಕಾಡಿನಲ್ಲಿ ಅಡಗಿಸಿದ್ದೇನೆಂದು ದೊರೆ ಹೇಳಿಬಿಡುತ್ತಿದ್ದ. ಅವನ ಮುಖವೋ, ಬಾಗಿಲು ಹಾಕಿದ ಅಂಗಡಿ. ಎರಡನೆಯ ಆಟದಲ್ಲಿ ಹಾಗೆ ಸೋತು ಬಂದವನು ಈ ಕಟ್ಟಳೆ ಹೊರಡಿಸಿದೆ. ಯುದ್ಧ ಮುಗಿಯುವವರೆಗೆ ಮನೆಗೆ ಹೋಗುವುದಿಲ್ಲ, ಫೋನೂ ಇಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅತ್ತಿಗೆ, ಅಂದರೆ ಅವನ ಹೆಂಡತಿ, ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗುವಾಗ ಪೆನ್ ಡ್ರೈವನ್ನು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಆಡುತ್ತಿದ್ದೆ. ಸಂಜೆ ಅವರು ಮರಳುವಾಗ ಒಯ್ಯುತ್ತಿದ್ದರು.

"ಇಬ್ಬರಿಗೂ ಸೇರಿ ಐದು ವರ್ಷದ ಮಕ್ಕಳಷ್ಟೂ ಬುದ್ಧಿಯಿಲ್ಲ," ಎನ್ನುತ್ತಿದ್ದರು. ಆದರೂ ಒಂದು ದಿನ ತಪ್ಪಿಸಿದವರಲ್ಲ.

ಈ ಸಲ ಯುದ್ಧ ಶುರುವಾದಾಗ ದೊರೆಗೆ ಬೆನ್ನುನೋವು, ರಜೆ ಹಾಕಿ ಮನೆಯಲ್ಲಿದ್ದಾನೆ ಎಂದು ಅತ್ತಿಗೆ ಹೇಳಿದ್ದರು. ಬೆನ್ನುನೋವು ಯಾರಿಗಿಲ್ಲ? ಮೂವತ್ತು ವರ್ಷ ಕರಡಿನ ಮೇಲೆ ಬಗ್ಗಿದವನಿಗೆ ಬರದೆ ಇನ್ಯಾರಿಗೆ ಬಂದೀತು? ಯುದ್ಧ ಮುಗಿಯಲಿ, ಹೋಗಿ ನೋಡಿದರಾಯಿತು ಎಂದುಕೊಂಡೆ. ಒಂದು ವಾರ ಹೋಯಿತು, ಐದು ವಾರ ಹೋಯಿತು. ನಾನು ಹೋಗಲಿಲ್ಲ. ಇದನ್ನು ಬರೆಯುವಾಗ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಆರನೆಯ ವಾರ ದೊರೆಯ ಆಟ ಕೆಟ್ಟಿತು. ಅವನ ಸೈನ್ಯ ಕಾರಣವಿಲ್ಲದೆ ಅತ್ತಿಂದಿತ್ತ ಅಲೆಯತೊಡಗಿತು. ರಾಜಧಾನಿಯ ಬಿಲ್ಲುಗಾರರೆಲ್ಲ ಕೋಟೆಗೋಡೆಯ ಹೊರಗೆ ಬಂದು ನಿಂತರು. ಬಿಲ್ಲುಗಾರರನ್ನು ಗೋಡೆಯ ಹೊರಗೆ ನಿಲ್ಲಿಸುವುದೆಂದರೆ ಬೀಗವನ್ನು ಒಳಗಿಟ್ಟು ಬಾಗಿಲು ತೆರೆದಿಟ್ಟ ಹಾಗೆ. ಇದೇನೋ ಮಸಲತ್ತು ಎಂದು ಎರಡು ದಿನ ಹೆದರಿ ಸುಮ್ಮನಿದ್ದೆ. ಮೂರನೆಯ ದಿನ ಆಸೆ ತಡೆಯಲಿಲ್ಲ. ನುಗ್ಗಿದೆ. ಒಂದೇ ಸರದಿಯಲ್ಲಿ ರಾಜಧಾನಿ ನನ್ನದಾಯಿತು.

ಅಂಗಡಿಯಲ್ಲಿ ಒಬ್ಬನೇ ಎದ್ದು ಕುಣಿದೆ. ಇಷ್ಟು ವರ್ಷ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಬದುಕಿದವನು ನಾನು. ಕನ್ನಡಕದ ಚೀಟಿಯೊಂದರ ಹಿಂದೆ ಬರೆದೆ: "ದೊರೆ, ಮುಪ್ಪು ಬಂತು. ಸಿಂಹಾಸನ ಬಿಟ್ಟು ಆರಾಮಕುರ್ಚಿ ಹಿಡಿ." ಸಂಜೆ ಪೆನ್ ಡ್ರೈವಿನ ಜೊತೆ ಅತ್ತಿಗೆಯ ಕೈಗೆ ಕೊಟ್ಟೆ.

ಅವರು ಅಲ್ಲೇ ಓದಿದರು. ಓದಿ, ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕುಳಿತರು.

"ರಾಜಧಾನಿ ಹೋಯ್ತಾ?"

"ಹೋಯ್ತು ಅತ್ತಿಗೆ. ಬಿಲ್ಲುಗಾರರನ್ನ ಹೊರಗೆ ನಿಲ್ಲಿಸಿದ್ದ ನಿಮ್ಮ ಮಹಾರಾಜ."

"ನಿಲ್ಲಿಸಿದ್ದು ನಾನು," ಎಂದರು. "ಒಳಗೆ ಎಲ್ಲಿ ಜಾಗ ಇದೆ ಅಂತ ನನಗೆ ಗೊತ್ತಾಗಲಿಲ್ಲ."

ಆಮೇಲೆ ಎಲ್ಲ ಹೇಳಿದರು. ಅದು ಬೆನ್ನುನೋವಲ್ಲ; ಬೆನ್ನುಮೂಳೆಗೆ ಇಳಿದ ಗಡ್ಡೆ. ಮೊದಲ ವಾರದಿಂದಲೇ ಅವನ ಕೈ ಮೌಸ್ ಹಿಡಿಯುತ್ತಿರಲಿಲ್ಲ. ಅವನು ಹೇಳುತ್ತಿದ್ದ, ಇವರು ಒತ್ತುತ್ತಿದ್ದರು. ಎಂಟು ದಿನದಿಂದ ಔಷಧಿಯ ಮಂಪರಿನಲ್ಲಿ ಅವನಿಗೆ ಏನೂ ಹೇಳಲಾಗುತ್ತಿಲ್ಲ. ಆದರೂ ದಿನ ತಪ್ಪಿಸಬಾರದೆಂದು ಇವರೇ ತೋಚಿದಂತೆ ಆಡಿದ್ದಾರೆ. ನನಗೆ ತಿಳಿಸಬಾರದೆಂದು ಅವನ ಆಣೆ. ಡಾಕ್ಟರು ಕೊಟ್ಟಿದ್ದು ಮೂರು ವಾರ. ಆ ಮಾತನ್ನು ಅತ್ತಿಗೆ ಅವನಿಗೂ ಹೇಳಿರಲಿಲ್ಲ.

"ನಾಳೆಯಿಂದ ಔಷಧಿ ಕಡಿಮೆ ಮಾಡ್ತಾರಂತೆ. ಎಚ್ಚರ ಆದ ಕೂಡಲೇ ರಾಜಧಾನಿ ಹೇಗಿದೆ ಅಂತ ಕೇಳ್ತಾರೆ. ಏನು ಹೇಳಲಿ?"

ನಕಲು ಇದ್ದಿದ್ದರೆ ಹಿಂದಕ್ಕೆ ಹೋಗಬಹುದಿತ್ತು. ನಮ್ಮ ಹತ್ತಿರ ನಕಲು ಎಲ್ಲಿಂದ ಬರಬೇಕು? ಕೆಟ್ಟ ಮೇಲೆ ಬುದ್ಧಿ ಬಂತು. ಚೀಟಿಯನ್ನು ಕಿತ್ತುಕೊಂಡು ಹರಿದು ಹಾಕಿದೆ.

"ನಾಲ್ಕು ದಿನ ಏನಾದರೂ ಹೇಳಿ ತಳ್ಳಿ. ನಾನು ಖಾಲಿ ಮಾಡ್ತೀನಿ, ನೀವು ಹಿಡ್ಕೊಳ್ಳಿ."

ಮರುದಿನವೇ ನನ್ನ ಸೈನ್ಯವನ್ನೆಲ್ಲ ರಾಜಧಾನಿಯಿಂದ ಹೊರಡಿಸಿ, ದನ ಮೇಯಿಸಲು ಅಟ್ಟಿದ ಹಾಗೆ ಉತ್ತರದ ಬಯಲಿಗೆ ಅಟ್ಟಿದೆ. ಅತ್ತಿಗೆಗೆ ದಾಳಿ ಮಾಡಲು ಬರುತ್ತಿರಲಿಲ್ಲ. ಸಂಜೆ ಅರ್ಧ ಗಂಟೆ ಅಂಗಡಿಯಲ್ಲಿ ಕೂರಿಸಿ, ನನ್ನ ಊರಿಗೆ ಹೇಗೆ ನುಗ್ಗಬೇಕೆಂದು ನಾನೇ ಕಲಿಸಿದೆ. ಅವರು ಕಾಗದ ವಿಂಗಡಿಸುವ ಬೆರಳುಗಳಿಂದ ಒಂದೊಂದೇ ಸೈನಿಕನನ್ನು ಮುಟ್ಟಿ ಮುಟ್ಟಿ ಸರಿಸುತ್ತಿದ್ದರು. ನಾಲ್ಕನೆಯ ದಿನ ರಾಜಧಾನಿಯ ಮೇಲೆ ಮತ್ತೆ ದೊರೆಯ ಬಾವುಟ ಹಾರಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾವಿಬ್ಬರೂ ಕಳ್ಳರಂತೆ ನಕ್ಕೆವು.

ಮರುದಿನ ಬೆಳಿಗ್ಗೆ ಅತ್ತಿಗೆ ಬಂದಾಗ ಕಣ್ಣು ಊದಿಕೊಂಡಿತ್ತು.

"ಎಚ್ಚರ ಆಗಿತ್ತು. ಆಟ ಓದಿ ಹೇಳು ಅಂದ್ರು. ಊರು ಹೋಗಿತ್ತು, ಮತ್ತೆ ಹಿಡ್ಕೊಂಡೆ ಅಂತ ಹೇಳಿದೆ. ಒಳಗೆ ಅವನ ಸೈನ್ಯ ಎಷ್ಟಿತ್ತು ಅಂತ ಕೇಳಿದ್ರು. ಸುಳ್ಳು ಹೇಳೋಕೆ ನನಗೆ ಲೆಕ್ಕ ಗೊತ್ತಿರಬೇಕಲ್ಲ? ಯಾರೂ ಇರಲಿಲ್ಲ ಅಂದುಬಿಟ್ಟೆ."

"ಆಮೇಲೆ?"

"ಆಮೇಲೆ, 'ಕನ್ನಡಕ ಹತ್ತೊಂಬತ್ತು ವರ್ಷದಲ್ಲಿ ನನಗೆ ಒಂದು ಹಳ್ಳಿ ಬಿಟ್ಟುಕೊಟ್ಟವನಲ್ಲ. ರಾಜಧಾನೀನೇ ಬಿಟ್ಟುಕೊಟ್ಟಿದ್ದಾನೆ ಅಂದ್ರೆ ಡಾಕ್ಟರ್ ನಿನಗೆ ಏನೋ ಹೇಳಿದ್ದಾರೆ. ಎಷ್ಟು ದಿನ ಅಂತ ನಿಜ ಹೇಳು' ಅಂದ್ರು." ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಹೇಳಿದೆ."

ನಾನು ಅಂಗಡಿಗೆ ಬಾಗಿಲು ಹಾಕಿ ಹೊರಟೆ. ಯುದ್ಧವೂ ಬೇಡ, ಕಟ್ಟಳೆಯೂ ಬೇಡ.

ಮನೆಯಲ್ಲಿ ಮಂಚ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಗೋಡೆಗೆ ಆನಿಸಿದ ದಿಂಬುಗಳ ನಡುವೆ ದೊರೆ ಎಷ್ಟು ಸಣ್ಣಗಾಗಿದ್ದನೆಂದರೆ ಮೊದಲು ನನಗೆ ಹೊದಿಕೆ ಮಾತ್ರ ಕಾಣಿಸಿತು. ನಾನೇ ಗಾಜು ಉಜ್ಜಿ ಕೊಟ್ಟ ಕನ್ನಡಕ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಹತ್ತಿರ ಹೋಗಿ ಸರಿಮಾಡಲು ಕೈ ಚಾಚಿದೆ. ಅವನು ಮುಖ ತಿರುಗಿಸಿದ.

"ಯುದ್ಧ ನಡೀತಿದೆ. ನೀನ್ಯಾಕೆ ಬಂದೆ?"

"ದೊರೆ, ನನಗೆ ಗೊತ್ತಿರಲಿಲ್ಲ."

"ಗೊತ್ತಾಗಬಾರದು ಅಂತಾನೇ ಹೇಳಲಿಲ್ಲ ಕಣೋ." ಉಸಿರಿಗಾಗಿ ನಿಂತ. "ನಮ್ಮಣ್ಣ ಬಂದ. ಜನ್ಮದಲ್ಲಿ ಒಂದು ಒಳ್ಳೆ ಮಾತಾಡದವನು ಕಾಲು ಒತ್ತಿ ಹೋದ. ಪ್ರೆಸ್ಸಿನ ಯಜಮಾನ ಹಣ್ಣು ತಂದ. ಈ ಬೀದೀಲಿ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ಒಳ್ಳೆಯವರನ್ನ ನೋಡಿ ನೋಡಿ ನಾನು ಅರ್ಧ ಸತ್ತೆ. ನನ್ನ ಪಾಲಿಗೆ ಉಳಿದಿದ್ದು ಒಬ್ಬ ಶತ್ರು. ದಿನಾ ಒಬ್ಬ ನನ್ನನ್ನ ಸೋಲಿಸಬೇಕು ಅಂತ ತಲೆ ಕೆಡಿಸ್ಕೊಂಡು ಕೂತಿದ್ದಾನಲ್ಲ, ಅಲ್ಲಿಗೆ ನಾನಿನ್ನೂ ಇದ್ದೀನಿ ಅಂತ ಅನ್ನಿಸ್ತಿತ್ತು. ಅವನನ್ನೂ ನೀವಿಬ್ಬರು ಸೇರಿ ಕಸ್ಕೊಂಡ್ರಿ."

ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಂದು ಉದಾರವಾದ ಕೆಲಸ ಅದು. ಅದೇ ಅವನಿಗೆ ಸಾವಿನ ಚೀಟಿಯಾಯಿತು. ಅತ್ತುಬಿಟ್ಟೆ. ಮುಚ್ಚಿಟ್ಟುಕೊಳ್ಳದೆ, ಗಂಡಸು ಅಳಬಾರದು ಎಂದು ನೋಡದೆ ಅತ್ತೆ.

"ಅಳೋದಾದರೆ ಹೊರಗೆ ಹೋಗಿ ಅಳು," ಎಂದ. ಆಮೇಲೆ ದನಿ ಇಳಿಸಿ, "ನಿಜವಾಗಿ ಹೊಡೀತೀಯಾ?"

"ಹೊಡೀತೀನಿ."

"ಹೋಗು ಹಾಗಾದರೆ. ಬಿಟ್ಟು ಆಡಿದ್ದು ಗೊತ್ತಾದರೆ ಸತ್ತ ಮೇಲೂ ನಿನ್ನ ಜೊತೆ ಮಾತಾಡಲ್ಲ."

ಹೊಡೆದೆ. ಬಯಲಿಗೆ ಅಟ್ಟಿದ್ದ ಸೈನ್ಯವನ್ನು ಮರಳಿ ಕರೆಸಿ ಎರಡು ದಿಕ್ಕಿನಿಂದ ಮುತ್ತಿದೆ. ನೀರಿನ ದಾರಿ ಕಟ್ಟಿದೆ, ಹೊಲ ಸುಟ್ಟೆ. ಅವನು ಮಲಗಿದಲ್ಲಿಂದಲೇ ಅತ್ತಿಗೆಗೆ ಹೇಳಿ ಹೇಳಿ ಬಿಲ್ಲುಗಾರರನ್ನು ಒಳಗೆ ತಂದ, ಬಿರುಕು ಬಿಟ್ಟ ಗೋಡೆ ಮುಚ್ಚಿಸಿದ, ಒಮ್ಮೆ ಕುದುರೆಗಳನ್ನು ಹಿಂಬಾಗಿಲಿನಿಂದ ಕಳಿಸಿ ನನ್ನ ಅರ್ಧ ಪಡೆಯನ್ನು ಕೊಚ್ಚಿ ಹಾಕಿದ. ಆ ಮಧ್ಯಾಹ್ನ ನಾನು ಅನ್ನ ಮುಟ್ಟದೆ ಅವನಿಗೆ ಮನಸಾರೆ ಬೈದೆ. ಬೆಳಿಗ್ಗೆ ಅದನ್ನು ಅತ್ತಿಗೆಗೆ ಹೇಳಿದಾಗ, "ಅವರೂ ಕೇಳಿದ್ರು, ಬೈದನಾ ಅಂತ. ಸಂಜೆ ಹೋಗಿ ಹೇಳ್ತೀನಿ," ಎಂದರು. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಫೈಲು ತೆರೆದೆ. ದೊರೆಯ ಸೈನ್ಯದಲ್ಲಿ ಮೂರು ತುಕಡಿ ಮಾತ್ರ ಅಲುಗಿದ್ದವು. ಉಳಿದವು ನಿನ್ನೆ ನಿಂತಲ್ಲೇ ನಿಂತಿದ್ದವು. ಪೂರ್ವದ ಗೋಡೆ ತೆರೆದುಕೊಂಡಿತ್ತು. ಹೇಳುತ್ತ ಹೇಳುತ್ತ ಅವನಿಗೆ ಮಾತು ನಿಂತಿದೆ, ಅತ್ತಿಗೆ ಅಷ್ಟಕ್ಕೇ ಸರದಿ ಮುಗಿಸಿ ತಂದಿದ್ದಾರೆ. ಮೌಸಿನ ಮೇಲೆ ಕೈಯಿಟ್ಟು ಊಟದ ಹೊತ್ತು ಪೂರ್ತಿ ಕೂತೆ. ಒಂದು ಹೆಜ್ಜೆ ಹಿಂದೆ ಸರಿದರೆ ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ. ಆದರೆ ಮಾತು ಕೊಟ್ಟಿದ್ದೆ. ಪೂರ್ವದ ಗೋಡೆಯಿಂದ ನುಗ್ಗಿ ರಾಜಧಾನಿ ಹಿಡಿದೆ.

ಸಂಜೆ ಅತ್ತಿಗೆಯ ಕೈಗೆ ಪೆನ್ ಡ್ರೈವ್ ಕೊಡುವಾಗ, "ಇದ್ದದ್ದು ಇದ್ದ ಹಾಗೆ ಹೇಳಿ," ಎಂದೆ.

ಮಾರನೆಯ ಬೆಳಿಗ್ಗೆ ಒಂಬತ್ತಾಯಿತು, ಹತ್ತಾಯಿತು. ಹತ್ತೂವರೆಗೆ ನಾನೇ ಹೋದೆ. ಅಂಗಳದಲ್ಲಿ ಚಪ್ಪಲಿಗಳು ತುಂಬಿದ್ದವು.

ಅತ್ತಿಗೆ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿದರು.

"ಓದಿ ಹೇಳಿದೆ," ಎಂದರು. "ಊರು ಬಿತ್ತು, ಸುಳ್ಳಲ್ಲ, ಗೋಡೆ ಒಡೆದು ಬಂದ ಅಂತ ಹೇಳಿದೆ."

"ಕೇಳಿಸ್ತಾ ಅವನಿಗೆ?"

"ಗೊತ್ತಿಲ್ಲ. ಕಣ್ಣು ಮುಚ್ಚಿತ್ತು. ಕೇಳಿಸಿರಲಿ ಅಂತ ಎರಡು ಸಲ ಹೇಳಿದೆ."

ದೊರೆಯ ಮುಖ ನೋಡಿದೆ. ಎಂದಿನಂತೆ ಅದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಹತ್ತೊಂಬತ್ತು ವರ್ಷ ಹಂಬಲಿಸಿದ ಗೆಲುವು ನನ್ನದಾಗಿತ್ತು. ಅದನ್ನು ಕೇಳಿ ಸಿಟ್ಟಿಗೇಳಬೇಕಾದವನು ಒಬ್ಬನೇ ಇದ್ದ, ಈಗ ಅವನಿರಲಿಲ್ಲ.