ಹನ್ನೊಂದು ಆದಿತ್ಯವಾರ

ತೃಷಾ ನನ್ನ ತಂಗಿಯ ಮಗಳು. ಏಳು ವರ್ಷ. ನನ್ನ ಕಿವಿ ಹಿಡಿದುಕೊಳ್ಳದೆ ನಿದ್ದೆ ಮಾಡುವುದಿಲ್ಲ, ಬಸಳೆ ಸಾರಿನಲ್ಲಿ ಬಸಳೆ ಇದ್ದರೆ ಉಣ್ಣುವುದಿಲ್ಲ. ಎಂತ ಮಾಡುವುದು ಮಾರಾಯ್ರೆ, ಮಕ್ಕಳಿಲ್ಲದ ನಮಗೆ ಅದರ ಹಟವೂ ಚಂದವೇ.

ತಂಗಿ ಅಮಿತಾ ಗಂಡ ಸತ್ತ ಮೇಲೆ ಕುಡಿತಕ್ಕೆ ಬಿದ್ದಳು. ಒಮ್ಮೆ ಮಗುವನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿ ಹೋದವಳು ಒಂದೂವರೆ ದಿನ ಬರಲಿಲ್ಲ. ಮಂಗಳೂರಿನ ಕೋರ್ಟು ಮಗುವನ್ನು ನನ್ನ ಕೈಗೆ ಕೊಟ್ಟು, ನಾವಿರುವ ದೋಹಾಕ್ಕೆ ಕರೆದುಕೊಂಡು ಹೋಗಲು ಒಪ್ಪಿತು. ಆದರೆ ಅಮಿತಾ ಚಿಕಿತ್ಸೆ ತೆಗೆದುಕೊಳ್ಳಬೇಕು, ಪ್ರತಿ ಆದಿತ್ಯವಾರ ಹತ್ತು ಗಂಟೆಗೆ ಮಗಳ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡಬೇಕು. ಬೇರೆ ಹೊತ್ತಿನಲ್ಲಿ ಇಲ್ಲ. ಅದು ನಡೆಯದಿದ್ದರೆ ತಾಯಿ ಮಗಳನ್ನು ಸೇರಿಸುವ ಪ್ರಯತ್ನ ಕೈಬಿಟ್ಟು ಮಗುವನ್ನು ಕಾಯಂ ನಮಗೇ ಕೊಡುವುದು.

ಆದಿತ್ಯವಾರ ಹೇಗೂ ರಜೆ ಅಂತ ನಾನೂ ತಲೆ ಆಡಿಸಿ ಸಹಿ ಹಾಕಿದೆ. ಕತಾರಿನಲ್ಲಿ ಹದಿನೆಂಟು ವರ್ಷ ಆದರೂ ಊರಿಗೆ ಕಾಲಿಟ್ಟ ಕೂಡಲೇ ನನ್ನ ತಲೆಯ ಕ್ಯಾಲೆಂಡರ್ ಊರಿನದ್ದೇ. ಇಲ್ಲಿ ದೋಹಾದಲ್ಲಿ ರಜೆ ಶುಕ್ರವಾರ, ಶನಿವಾರ; ಆದಿತ್ಯವಾರ ಕೆಲಸದ ದಿನ. ಊರಿನ ಹತ್ತು ಗಂಟೆಗೆ ಇಲ್ಲಿ ಏಳೂವರೆ. ತೃಷಾ ಶಾಲೆಯಲ್ಲಿ, ನಾನು ಬಿನ್ ಮಹಮೂದ್ ಏರಿಯಾದ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಾ ಇರುತ್ತೇನೆ.

ಮೊದಲ ವಾರವೇ ವಕೀಲರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಫೋನ್ ಸೈಲೆಂಟಿಗೆ ಹಾಕಿ ಡ್ರಾಯರಿನಲ್ಲಿಟ್ಟೆ. ಅಮಿತಾ ಕಾಲ್ ಮಾಡುತ್ತಲೇ ಇದ್ದಳು, ಹನ್ನೊಂದು ಆದಿತ್ಯವಾರ ನಾನು ಎತ್ತಲಿಲ್ಲ. ಮಗು ನನಗೆ ಬೇಕಿತ್ತು, ಅಷ್ಟೇ. ವಿಷಯ ಗೊತ್ತಾದಾಗ ನಮ್ಮ ಯಜಮಾನರು, ಖಲಾಸ್, ಇನ್ನು ಬಾಯಿ ಬಿಡಬೇಡ ಅಂದರು.

ಒಂದು ದಿನ ಜಡೆ ಹಾಕುವಾಗ, ಅಮ್ಮನಿಗೆ ನಾನು ಇಷ್ಟ ಇಲ್ವಾ ದೊಡ್ಡಮ್ಮ ಅಂತ ತೃಷಾ ಕೇಳಿದಳು. ರಿಬ್ಬನ್ ಹುಡುಕುವ ನೆಪದಲ್ಲಿ ಎದ್ದು ಹೋದೆ.

ಕಳೆದ ಬುಧವಾರ ವಿಚಾರಣೆ. ನಾನು ಫೋನಿನ ಪರದೆಯಲ್ಲಿ, ಅಮಿತಾ ಕೋರ್ಟಿನಲ್ಲಿ. ಮುಖದಲ್ಲಿ ಕಳೆ ಬಂದಿತ್ತು, ಕಣ್ಣು ತಿಳಿಯಾಗಿತ್ತು. ಮಗಳ ಜೊತೆ ಒಮ್ಮೆಯೂ ಮಾತಾಡಿಲ್ಲ ಯಾಕೆ ಅಂತ ಜಡ್ಜ್ ಮೇಡಂ ಕೇಳಿದರು. ನನ್ನನ್ನು ದೂರುತ್ತಾಳೆ ಅಂತ ಉತ್ತರ ಸಿದ್ಧ ಮಾಡಿಕೊಂಡೇ ಕೂತಿದ್ದೆ.

"ನಾನು ಮಾಡಿದ್ದಕ್ಕೆ ಮಗುವಿಗೆ ನನ್ನ ಮುಖ ನೋಡುವುದು ಬೇಡ ಅಂತ ಕಾಣ್ತದೆ ಮೇಡಂ," ಅಂದಳು ಅಮಿತಾ. "ಅಕ್ಕನ ತಪ್ಪಿಲ್ಲ."

ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಇವಳನ್ನು ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದವಳು ನಾನು. ಮೇಡಂ ಆದೇಶ ಬರೆಸಲು ಶುರು ಮಾಡಿದ್ದರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ತೃಷಾ ನನ್ನವಳು.

"ಮೇಡಂ, ಸ್ವಲ್ಪ ನಿಲ್ಲಿಸಿ. ಅವಳು ಪ್ರತಿ ವಾರ ಕಾಲ್ ಮಾಡಿದ್ದಾಳೆ. ಎತ್ತದವಳು ನಾನು," ಎಂದೆ.

ಆದಿತ್ಯವಾರದ ಕಥೆ ಪೂರ್ತಿ ಹೇಳಿದೆ. ಮೇಡಂ ಚೆನ್ನಾಗಿ ಬೈದರು, ಬೈಯಲಿ. ಅಮಿತಾಳಿಗೆ ಇನ್ನೂ ಆರು ತಿಂಗಳ ಅವಕಾಶ ಕೊಟ್ಟು, ಕಾಲ್ ಮಾಡುವ ದಿನವನ್ನು ಶುಕ್ರವಾರಕ್ಕೆ ಹಾಕಿದರು, ಹೊತ್ತು ಅದೇ.

ಶುಕ್ರವಾರ ಏಳು ಗಂಟೆಗೇ ತೃಷಾ ಹೊಸ ಫ್ರಾಕ್ ಹಾಕಿ ಸೋಫಾದಲ್ಲಿ ಕೂತಳು. ನಾನು ನೀರುದೋಸೆ ಹೊಯ್ಯುತ್ತಾ, ಇವತ್ತೊಂದು ದಿನ ಫೋನ್ ಬಾರದೇ ಇರಲಿ ಅಂತ ದೇವರ ಹತ್ತಿರ ಕೇಳಿಕೊಂಡೆ. ಸುಳ್ಳು ಯಾಕೆ ಹೇಳಲಿ. ಸರಿಯಾಗಿ ಏಳೂವರೆಗೆ ಬಂತು. ತಾಯಿ ಮಗಳ ಮಾತು ಮುಗಿಯುವಷ್ಟರಲ್ಲಿ ನನ್ನ ಹಿಟ್ಟು ಖಾಲಿ. ಆಮೇಲೆ ತೃಷಾ ನನ್ನನ್ನು ಕರೆದಳು, ಅಮ್ಮನಿಗೆ ನಿನ್ನ ಹತ್ರ ಏನೋ ಕೇಳಬೇಕಂತೆ ಅಂತ.

ಬೈಗುಳ ತಿನ್ನಲು ತಯಾರಾಗಿ ಒಲೆ ಆರಿಸಿ ಹೋದೆ. ಅಮಿತಾ ಬೈಯಲಿಲ್ಲ.

"ಈಗಲಾದರೂ ಬಸಳೆ ತಿನ್ನುತ್ತಾಳಾ ಅಕ್ಕ?" ಅಂತ ಕೇಳಿದಳು.

ಇಲ್ಲ ಅಂದೆ. ಅಷ್ಟು ಹೇಳುವಾಗಲೇ ನನಗೆ ಅಳು ಬಂತು.